ಮೂರನೇ ಸಾಲು

ಲಿಫ್ಟಿನ ಬಾಗಿಲನ್ನು ಒಳಗಿನಿಂದ ಗುದ್ದುತ್ತಿರುವವರು ದೊಡ್ಡ ಸಾಹೇಬರೇ ಎಂದು ಗೊತ್ತಾದ ಕೂಡಲೇ, ಬಾಗಿಲು ತೆಗೆಯಲು ಬಂದಿದ್ದ ರಿಪೇರಿಯವನ ಕೈಯನ್ನು ಅವಳು ಹಿಡಿದು ನಿಲ್ಲಿಸಿದಳು. "ಒಂದ್ನಿಮಿಷ ತಡಿಯಪ್ಪಾ. ಇಪ್ಪತ್ತು ವರ್ಷ ಕಾದಿದೀನಿ."

"ಯಾರ್ರೀ ಅಲ್ಲಿ? ತುರ್ತು ಫೋನಿನ ಗುಂಡಿ ಒತ್ತಿ ಒತ್ತಿ ಬೆರಳು ಸವೀತು, ಅದಕ್ಕೆ ಉಸಿರೇ ಇಲ್ಲ! ಈ ತಗಡಿನ ಪೆಟ್ಟಿಗೇಲಿ ನನ್ನ ಮೊಬೈಲಿಗೂ ಸಿಗ್ನಲ್ ಇಲ್ಲ!"

"ನಾನು ಸರ್, ಟೂಜಿ ಅಜ್ಜಿ."

ಗುದ್ದು ನಿಂತಿತು. ಆ ಹೆಸರಿಟ್ಟವರು ಅವರೇ. ಈ ಮೊಬೈಲ್ ಕಂಪನಿಯ ಮೊದಲ ಟೂಜಿ ಟವರು ಎದ್ದ ದಿನದಿಂದ ಅದನ್ನು ನೋಡಿಕೊಂಡ ಇಂಜಿನಿಯರ್ ಅವಳು. ತ್ರೀಜಿ, ಫೋರ್‌ಜಿ, ಫೈವ್‌ಜಿ ಒಂದೊಂದು ಬಂದಾಗಲೂ ಮೀಟಿಂಗಿನಲ್ಲಿ ಅವಳತ್ತ ಬೆರಳು ತೋರಿಸಿ ಎಲ್ಲರನ್ನೂ ನಗಿಸಿದ್ದರು. ಇಂದು ಬೆಳಿಗ್ಗೆ ಹತ್ತಕ್ಕೆ ಟೂಜಿಯನ್ನು ಶಾಶ್ವತವಾಗಿ ನಿಲ್ಲಿಸಿ, ಚಪ್ಪಾಳೆ ಹೊಡೆಸಿಕೊಂಡು ಲಿಫ್ಟ್ ಹತ್ತಿದ್ದರು.

ಅವಳು ಚೀಲದಿಂದ ಹಾಳೆಯೊಂದನ್ನು ತೆಗೆದಳು. ತಿಂಗಳ ಹಿಂದೆ ಅವಳೇ ಕೊಟ್ಟ ವರದಿ. ಸಾಹೇಬರು ಅದರ ಮೂರನೇ ಸಾಲಿಗೆ ಕೆಂಪು ಗೀಟು ಎಳೆದು, 'ಅಡಗೂಲಜ್ಜಿ ಕಥೆ' ಎಂದು ಪಕ್ಕದಲ್ಲಿ ಬರೆದು, ಎಲ್ಲರೆದುರು ಅವಳ ಮುಂದೆ ಎಸೆದಿದ್ದರು. ಹಾಳೆಯನ್ನು ಬಾಗಿಲ ಸಂದಿಯಲ್ಲಿ ಮಡಿಕೆ ಬೀಳದಂತೆ ತೂರಿಸಿದಳು.

"ಗೀಟು ಹಾಕಿದೀರಲ್ಲ ಸರ್, ಆ ಸಾಲು ಓದಿ."

ಒಳಗಿನಿಂದ ಹಾಳೆ ಎಳೆದುಕೊಂಡ ಸದ್ದಾಯಿತು. ಆಮೇಲೆ ಮೆತ್ತಗಾದ ದನಿ ಬಂತು: "ನಮ್ಮ ಲಿಫ್ಟುಗಳ ತುರ್ತು ಫೋನುಗಳು ಟೂಜಿಯಲ್ಲೇ ನಡೆಯುತ್ತವೆ. ಅವನ್ನು ಬದಲಿಸದೆ ಟೂಜಿ ನಿಲ್ಲಿಸಬಾರದು."

ಅಷ್ಟರಲ್ಲಿ ಮಹಡಿಯವರೆಲ್ಲ ಬಂದು ಸುತ್ತ ನೆರೆದಿದ್ದರು. ಅವಳು ಬಾಗಿಲಿಗೆ ಕಿವಿ ಹಚ್ಚಿದಳು.

"ಇನ್ನೊಂದ್ಸಲ ಸರ್, ಜೋರಾಗಿ. ಅಜ್ಜಿಗೆ ಕಿವಿ ಮಂದ."