ಅಳತೆ ರವಿಕೆ

"ಆ ಟೇಪು ಮಡಚಿ ಒಳಗಿಡಿ ರೀ ದೇವಕಿ. ನನ್ನ ಮೈ ಅಳೆಯೋದು ಬೇಡ," ಎಂದು ಸುಶೀಲಾ ಮಂಚದ ಮೇಲೆ ಕೂತಲ್ಲಿಂದಲೇ ಕೈ ಅಡ್ಡ ಹಿಡಿದರು. "ಅಳತೆಗೆ ಇದನ್ನ ತಗೊಳ್ಳಿ." ದಿಂಬಿನ ಕೆಳಗಿಂದ ಎಳೆದು ಕೊಟ್ಟದ್ದು ಒಂದು ಹಸಿರು ರವಿಕೆ. ಕಾಯಿಲೆಗೆ ಮುಂಚಿನದು, ದೇವಕಿಯೇ ಹೊಲಿದದ್ದು.

ದೇವಕಿ ರವಿಕೆಯನ್ನೊಮ್ಮೆ, ಗೆಳತಿಯನ್ನೊಮ್ಮೆ ನೋಡಿದರು. ಆ ರವಿಕೆಯೊಳಗೆ ಈಗಿನ ಸುಶೀಲಾ ಇಬ್ಬರು ಹಿಡಿಯುತ್ತಿದ್ದರು. ಆಪರೇಷನ್ನಿನಲ್ಲಿ ಎಡಗಡೆಯ ಎದೆ ತೆಗೆದಿದ್ದರು, ಉಳಿದ ಮೈಯನ್ನು ಔಷಧಿಯೇ ತಿಂದಿತ್ತು. ಇನ್ನು ಮಾಡುವುದಕ್ಕೇನೂ ಇಲ್ಲ ಎಂದು ಡಾಕ್ಟರು ಮನೆಗೆ ಕಳಿಸಿಬಿಟ್ಟಿದ್ದರು. ಸುಶೀಲಾ ಅತ್ತು ಕರೆದು ಮಾಡಲಿಲ್ಲ. ತಮ್ಮ ಮದುವೆಯ ಬಿಳಿ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆಸಿ, ಇದನ್ನೇ ಉಡಿಸಿ ಮಣ್ಣು ಮಾಡಬೇಕು ಎಂದು ಮಗಳು ಸ್ಫೂರ್ತಿಗೆ ಹೇಳಿದರು. ಸೀರೆ ಗಟ್ಟಿಯಾಗಿತ್ತು, ಅದರ ರವಿಕೆ ಮಾತ್ರ ಕಂಕುಳಲ್ಲಿ ಪಿಸಿದುಹೋಗಿತ್ತು. ಅದಕ್ಕೇ ಎದುರು ಫ್ಲ್ಯಾಟಿನ ದೇವಕಿಗೆ ಕರೆ ಹೋಗಿದ್ದು.

ದೆಹಲಿಯ ಮಯೂರ್ ವಿಹಾರದ ಕನ್ನಡದ ಹೆಂಗಸರಿಗೆಲ್ಲ ರವಿಕೆ ಎಂದರೆ ದೇವಕಿ. ಗಂಡ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು, ಆದರೂ ಜನ ಅವರನ್ನು "ಬ್ಲೌಸ್ ದೇವಕಿಯ ಯಜಮಾನರು" ಎಂದೇ ಗುರುತು ಹೇಳುತ್ತಿದ್ದರು. ಹೊಲಿದದ್ದು ಬೆನ್ನಿನ ಮೇಲೆ ಒಂದು ಸುಕ್ಕು ಬಿದ್ದರೂ ತಾನಾಗಿ ಬಿಚ್ಚಿ ಮತ್ತೆ ಹೊಲಿಯುವ ಹೆಂಗಸು ಆಕೆ.

"ಸುಮ್ಮನೆ ಹಟ ಮಾಡಬೇಡಿ ರೀ. ಈ ಅಳತೆಗೆ ಹೊಲಿದರೆ ಗೂಟಕ್ಕೆ ನೇತುಹಾಕಿದ ಹಾಗಿರುತ್ತೆ. ಅವತ್ತು... ಅವತ್ತು ನಾಲ್ಕು ಜನ ಬರ್ತಾರೆ." ದೇವಕಿ ಟೇಪನ್ನು ಬೆರಳಿಗೆ ಸುತ್ತಿಕೊಂಡರು. ಸಾವರಿಸಿಕೊಂಡು, "ಆ ಸುಮಿತ್ರಾ ಬಂದೇ ಬರ್ತಾಳೆ. ದೇವಕಿಯ ಕೈ ಕೆಟ್ಟಿತು ಅಂತ ಕನ್ನಡ ಸಂಘದಲ್ಲೆಲ್ಲ ಡಂಗುರ ಸಾರ್ತಾಳೆ," ಎಂದರು.

ಸುಶೀಲಾ ನಕ್ಕೇಬಿಟ್ಟರು. "ಅಚ್ಛಾ! ಸಾಯೋಳು ನಾನು, ಮರ್ಯಾದೆ ಹೋಗೋದು ನಿಮ್ಮದು!"

"ಮಮ್ಮೀ, ಪ್ಲೀಸ್. ಆಂಟಿ ಠೀಕ್ ಹೀ ತೋ ಹೇಳ್ತಿದ್ದಾರೆ," ಎಂದಳು ಸ್ಫೂರ್ತಿ. "ಅಷ್ಟು ಲೂಸ್ ಇದ್ರೆ ಚೆನ್ನಾಗಿ ಕಾಣಲ್ಲ."

"ಈ ಮೈ ಹೊತ್ಕೊಂಡು ನಾನು ಅಲ್ಲಿಗೆ ಹೋಗ್ತಿಲ್ಲ ಕಣೇ." ಸುಶೀಲಾ ಬೆನ್ನು ನೆಟ್ಟಗೆ ಮಾಡಿಕೊಂಡರು. ಚರ್ಚಿನಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹಳೆಯ ಠೀವಿ ಒಂದು ಗಳಿಗೆ ಬಂದು ಕೂತಿತು. "ಕರ್ತನು ಎಬ್ಬಿಸೋ ದಿನ ಹೊಸ ಮೈ ಕೊಡ್ತಾನೆ. ಕತ್ತರಿ ಆಡಿಸಿದ ಮೈಯಲ್ಲ, ಪೂರ್ತಿ ಮೈ, ಎರಡೂ ಕಡೆ ಸಮ. ಅವನ ಮುಂದೆ ಎದ್ದು ನಿಲ್ಲೋವಾಗ ಬ್ಲೌಸ್ ಹಿಡಿಯದೆ ಒದ್ದಾಡ್ಲೇನು?"

"ಅಲ್ಲಾ ರೀ, ಮೈ ಕೊಡೋ ದೇವರು ಬ್ಲೌಸ್ ಕೊಡಲ್ವೇ?"

"ಕೊಡ್ತಾನೇನೋ. ನಿಮ್ಮಷ್ಟು ಚೆನ್ನಾಗಿ ಹೊಲಿಯೋಕೆ ಬರಬೇಕಲ್ಲ!" ಮಾತು ಹೆಚ್ಚಾಗಿ ಏದುಸಿರು ಹತ್ತಿತು, ಮಗಳು ನೀರು ಕುಡಿಸಿದಳು. ಸುಶೀಲಾ ಮೆಲ್ಲಗೆ ಕೇಳಿದರು, "ಇವಳ ಸ್ಕೂಲ್ ಫ್ರಾಕ್ ಹೊಲಿಯುವಾಗ ನೀವೇ ಏನಂತಿದ್ರಿ, ಹೇಳಿ ನೋಡೋಣ."

ದೇವಕಿ ತಲೆ ತಗ್ಗಿಸಿಕೊಂಡೇ ಹೇಳಿದರು. "ಬೆಳೆಯೋ ಮೈಗೆ ಇವತ್ತಿನ ಅಳತೆ ಇಡಬಾರದು, ನಾಳೆಯ ಅಳತೆ ಇಡಬೇಕು."

"ಹಾಂ. ನಂದೂ ಬೆಳೆಯೋ ಮೈ. ಚಲೋ, ಹೊಲೀರಿ."

ಮನೆಗೆ ಬಂದು ದೇವಕಿ ಬಟ್ಟೆ ಹರವಿದರು. ಕೆಳಗೆ ಮೆಟ್ರೋ ಕಂಬಕ್ಕೆ ಗುಂಡಿ ತೋಡುವ ಸದ್ದಿಗೆ ಕಿಟಕಿ ಗಡಗಡ ಎನ್ನುತ್ತಿತ್ತು. ಕಣ್ಣಳತೆಯಲ್ಲೇ ಚಿಕ್ಕದಾಗಿ ಬಳಪದ ಗೆರೆ ಎಳೆದೂ ಬಿಟ್ಟರು. ಪಾಪ, ಸುಶೀಲಾಗೆ ಏನು ತಿಳಿಯುತ್ತೆ ಎಂದುಕೊಂಡರು. ಸತ್ತವರು ಮೈಸಹಿತ ಏಳುವ ಮಾತು ದೇವಕಿಯ ತಲೆಗೆ ಹತ್ತುವಂಥದ್ದಲ್ಲ, ಅವರದು ಬೂದಿಯನ್ನು ಯಮುನೆಗೆ ಬಿಡುವ ಮನೆ. ಆದರೆ ಕತ್ತರಿ ಮಾತ್ರ ಆ ಗೆರೆಯ ಮೇಲೆ ಓಡಲಿಲ್ಲ. ಇಷ್ಟಕ್ಕೇ ಹೊಲಿದರೆ, ನೀವು ಇನ್ನು ಇಷ್ಟೇ ಎಂದು ಗೆಳತಿಯ ಮುಖಕ್ಕೆ ಹೇಳಿದಂತಾಗುತ್ತದೆ ಅನಿಸಿ ಅವರಿಗೆ ಸಂಕಟವಾಯಿತು. ಗೆರೆಯನ್ನು ಉಜ್ಜಿ ಅಳಿಸಿ, ಹಸಿರು ರವಿಕೆಯನ್ನೇ ಮೇಲಿಟ್ಟು ಕತ್ತರಿಸಿದರು. ಎಡಗಡೆಯ ಎದೆಭಾಗವನ್ನೂ ಬಲಗಡೆಯಷ್ಟೇ ತುಂಬಾಗಿ ಹೊಲಿದರು. ತಂದು ಕೊಟ್ಟಾಗ ಸುಶೀಲಾ ಅದರ ಮೇಲೆ ಬೆರಳಾಡಿಸಿ, "ಹೀಗೇ ಇರ್ತೀನಿ ನೋಡ್ತಿರಿ," ಎಂದರು.

ಚಳಿಗಾಲ ಶುರುವಾಗುವ ಹೊತ್ತಿಗೆ ಸುಶೀಲಾ ಹೋದರು. ಹಜಾರದಲ್ಲಿ ಪೆಟ್ಟಿಗೆ, ಅದರೊಳಗೆ ಬಿಳಿ ರೇಷ್ಮೆ ಸೀರೆಯಲ್ಲಿ ಅವರು. ಹೆಗಲ ಮೇಲೆ ರವಿಕೆ ಜಾರಿ ನಿಂತದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ಅಂದುಕೊಂಡ ಹಾಗೆಯೇ ಸುಮಿತ್ರಾ ಬಂದರು, ಹೂವಿಟ್ಟರು, ಕಣ್ಣೊರೆಸಿಕೊಂಡರು, ಆಮೇಲೆ ಬಗ್ಗಿ ನೋಡಿದರು.

"ಅಯ್ಯೋ ಶಿವನೇ, ಇಷ್ಟು ದೊಗಳೆ! ಯಾರ್ರೀ ಹೊಲಿದದ್ದು? ಅಳತೆ ತಗೊಳ್ಳಲಿಲ್ವೇ?" ಎನ್ನುತ್ತಲೇ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ರವಿಕೆಯ ಅಂಚು ಹಿಡಿದರು. ಕೂತಿದ್ದವರೆಲ್ಲ ಕತ್ತು ಚಾಚಿದರು. ಸ್ಫೂರ್ತಿ ಗಾಬರಿಯಾಗಿ ದೇವಕಿಯ ಮುಖ ನೋಡಿದಳು.

ದೇವಕಿ ಎದ್ದು ಬಂದು ಸುಮಿತ್ರಾರ ಕೈ ಹಿಡಿದು ನಿಲ್ಲಿಸಿದರು. ಅಷ್ಟು ಜನರ ಮುಂದೆ, ತಲೆ ಎತ್ತಿಯೇ ಹೇಳಿದರು.

"ನಾನೇ ಹೊಲಿದದ್ದು. ಪಿನ್ನು ಹಾಕಬೇಡಿ ಸುಮಿತ್ರಾ. ಅದು ನಾಳೆಯ ಅಳತೆ."