ಚನ್ನಬಸವಯ್ಯನವರ ಎಡೆ

ಎಡೆಯ ಎಲೆ ಮೇಲೆ ಆರನೆಯ ಬಗೆ ಬಂದು ಕೂತಾಗ ಗಿರಿಜಾಂಬನವರ ತಾಳ್ಮೆ ಕೆಟ್ಟಿತು. ಗಂಡ ಚನ್ನಬಸವಯ್ಯ ಹೋಗಿ ಇವತ್ತಿಗೆ ಒಂದು ವರ್ಷ. ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನು ಮಾಡಿ ಫೋಟೋದ ಮುಂದೆ ಎಡೆ ಇಡಬೇಕು, ಆಮೇಲೆ ಬಂದವರಿಗೆ ಊಟ. ಅದಕ್ಕೆಂದೇ ಗಿರಿಜಾಂಬ ಬೆಳ್ಳಂಬೆಳಿಗ್ಗೆ ಎದ್ದು ಹುರುಳಿಕಾಳಿನ ಬಸ್ಸಾರು ಮಾಡಿಟ್ಟಿದ್ದರು. ನೋಡಿದರೆ ಅದನ್ನು ಬಡಿಸಲು ಎಲೆಯಲ್ಲಿ ಜಾಗವೇ ಇಲ್ಲ!

ಚನ್ನಬಸವಯ್ಯ ನಲವತ್ತು ವರ್ಷ ಮಾಗಡಿ ಸುತ್ತಮುತ್ತ ಬೋರ್‌ವೆಲ್ ಮೋಟರು ರಿಪೇರಿ ಮಾಡಿದವರು. ಅವರು ಕಾಲಿಡದ ತೋಟವಿಲ್ಲ. ಹಾಗಾಗಿ ಕಲ್ಯ ಊರಿನ ಈ ಮನೆಗೆ ಬಂದವರೆಲ್ಲ ಕೈಯಲ್ಲೊಂದು ಡಬ್ಬಿ ಹಿಡಿದೇ ಬಂದಿದ್ದರು. ಕೆಂಪಾಪುರದ ಯಲ್ಲಮ್ಮ ಹುಚ್ಚೆಳ್ಳು ಚಟ್ನಿ ತಂದಿದ್ದಳು. ಚನ್ನಬಸವಯ್ಯನವರ ಜೊತೆ ಮೋಟರು ಎತ್ತುತ್ತಿದ್ದ ಚನ್ನಪಟ್ಟಣದ ಮಕ್ಬೂಲ್, ಹೆಂಡತಿ ಸಫೂರಾ ಮಾಡಿಕೊಟ್ಟ ಶಾವಿಗೆ ಪಾಯಸ ತಂದಿದ್ದ. ಹೊರಗಿನಿಂದ ತಂದದ್ದನ್ನು ಎಡೆಗೆ ಇಡುತ್ತಾರಾ ಎಂದು ಯಾರೋ ಗೊಣಗಿದ್ದಕ್ಕೆ, ಮಗಳು ಮೇಘನಾ, “ಅಪ್ಪ ಎಲ್ಲಾರ ಮನೇಲೂ ಉಂಡೋರು, ಇಡ್ರಿ” ಎಂದು ಬಾಯಿ ಮುಚ್ಚಿಸಿದ್ದಳು.

ಈಗ ಬಂದವನು ದೊಡ್ಡಆಲಹಳ್ಳಿಯ ಗಂಗಹನುಮಯ್ಯ. ಅವನದು ಹಿತ್ಕಿದ ಬೇಳೆ ಸಾರು. “ನಮ್ಮ ತೋಟಕ್ಕೆ ಮೋಟ್ರು ಎತ್ತಕೆ ಬಂದಾಗ ಕೈ ನೆಕ್ಕೊಂಡು ಉಂಡ್ರು ಕಣವ್ವ. ಇಂಥಾ ಸಾರು ಜನ್ಮದಲ್ಲೇ ಉಂಡಿಲ್ಲ ಕಣ್ಲಾ ಗಂಗಹನುಮಾ ಅಂದ್ಬುಟ್ರು!”

“ಅಯ್ಯೋ, ನನ್ನ ಚಟ್ನಿಗೂ ಹಂಗೇ ಅಂದಿದ್ರು!” ಎಂದಳು ಯಲ್ಲಮ್ಮ. ನಡುಮನೆಯೆಲ್ಲ ನಕ್ಕಿತು. ಗಿರಿಜಾಂಬ ಮಾತ್ರ ಎದ್ದು ಅಡಿಗೆಮನೆಗೆ ಹೋಗಿಬಿಟ್ಟರು.

ಮೇಘನಾ ಹಿಂದೆಯೇ ಬಂದಳು. “ಅಮ್ಮ, ಬಸ್ಸಾರು ತಾ. ಎಲೆ ತುದೀಲಿ ಒಸಿ ಜಾಗ ಮಾಡ್ತೀನಿ.”

“ಬ್ಯಾಡ. ಅವರೆಲ್ಲ ತಂದಿದ್ದೇ ಸಾಕು.” ಗಿರಿಜಾಂಬ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದರು. “ಮೂವತ್ತೆಂಟು ವರ್ಷ ಬೇಯ್ಸಿ ಹಾಕಿವ್ನಿ, ಒಂದಿನ ಚೆನ್ನಾಗೈತೆ ಅಂದ್ರಾ ನಿಮ್ಮಪ್ಪ? ಮುದ್ದೆ ಗಂಟಾಗೈತೆ, ಸಾರು ನೀರಾಗೈತೆ, ಉಪ್ಪು ಮುಂದಾಗೈತೆ! ಊರೋರ ಸಾರಿಗೆ ಕೈ ನೆಕ್ಕೋರು, ನನ್ನ ಸಾರಿಗೆ ಮೂತಿ ತಿರುಗಿಸೋರು. ನಾನೇನು ಆ ಮನುಷ್ಯಂಗೆ ಕೂಲಿ ಅಡಿಗೆಯೋಳಾ?” ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ಗೊತ್ತು. ಗೊತ್ತಿದ್ದರೂ ಬಂತು, ಸಿಟ್ಟಿನ ಜೊತೆಗೆ ಅಳುವೂ ಬಂತು. ವರ್ಷವೆಲ್ಲ ಅವರಿಗಾಗಿ ಅತ್ತದ್ದಕ್ಕಿಂತ ಈ ಅಳು ಬೇರೆ ಥರ ಉರಿಯುತ್ತಿತ್ತು.

ಸೌಟು ಕೇಳಲು ಬಂದ ಮಕ್ಬೂಲ್ ಬಾಗಿಲಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ ಎಂದು ಅವನ ಮುಖವೇ ಹೇಳುತ್ತಿತ್ತು.

“ಅತ್ತಿಗೆ, ಬಯ್ಯಲ್ಲ ಅಂದ್ರೆ ಒಂದ್ಮಾತು ಹೇಳ್ತೀನಿ. ಅಣ್ಣ ಮೂರು ಗಂಟೆಗೆ ಬಂದು ಮನೇಲಿ ಉಣ್ಣೋರಲ್ವಾ, ಅಷ್ಟೊತ್ತಿಗೆ ಅವರದ್ದು ಒಂದು ಊಟ ಆಗಿರೋದು.”

“ಏನಂದೆ?”

“ಮೋಟ್ರು ರಿಪೇರಿ ಮಾಡ್ದೋರ್ನ ತೋಟದೋರು ಬರಿ ಹೊಟ್ಟೇಲಿ ಕಳಿಸ್ತಾರಾ? ಬ್ಯಾಡ ಅಂದ್ರೂ ಹನ್ನೆರಡಕ್ಕೇ ಎಲೆ ಹಾಕ್ಬುಡೋರು. ಅಲ್ಲಿ ಹಸಿವು, ಏನಿಕ್ಕಿದ್ರೂ ಅಮೃತ. ನಿಮ್ಮ ಮುಂದೆ ಬಂದು ಕೂರೋ ಹೊತ್ಗೆ ಹೊಟ್ಟೇಲಿ ಒಂದು ಸಾಸಿವೆ ಕಾಳಿಗೂ ಜಾಗ ಇರ್ತಿರಲಿಲ್ಲ. ಹಂಗಿದ್ಮೇಲೆ ಮುದ್ದೆ ರುಚಿಸ್ತದಾ?”

“ಊಟ ಆಗೈತೆ ಅಂತ ಬಾಯ್ಬುಟ್ಟು ಹೇಳಕೇನಾಗಿತ್ತು ಅವರಿಗೆ?”

“ನಾನೂ ಕೇಳ್ದೆ. ಅದಕ್ಕೆ ಅಣ್ಣ, ‘ಒಂದ್ಸಲ ಹೇಳಿ ಕೆಟ್ಟೆ ಕಣ್ಲಾ ಮಕ್ಬೂಲಾ. ನಿಮ್ಮತ್ತಿಗೆ ನಂಗೂ ಹಸಿವಿಲ್ಲ ಅಂತ ಒಂದು ಲೋಟ ಮಜ್ಜಿಗೆ ಕುಡ್ದು ಎದ್ಬುಟ್ಲು. ನಾನು ಎದುರಿಗೆ ಕೂತ್ರೇನೇ ಅವಳು ನಾಕು ತುತ್ತು ಉಣ್ಣೋದು’ ಅಂದ್ರು.”

ಗಿರಿಜಾಂಬನವರ ಕಣ್ಣ ಮುಂದೆ ಬಂದದ್ದು ಆ ಮೂರು ಗಂಟೆಯ ಊಟ. ಸಾರಿನಲ್ಲಿ ಹುಳುಕು ಹುಡುಕುತ್ತ, ಮುದ್ದೆಯನ್ನು ಮುರಿದು ಮುರಿದು ನುಂಗುತ್ತ ಕೂತಿರುತ್ತಿದ್ದ ಗಂಡ. ತಾನು ಬೇಗ ಕೈ ತೊಳೆಯಲು ಹೊರಟರೆ ಸಾಕು, “ಏಯ್, ಇನ್ನರ್ಧ ಮುದ್ದೆ ಹಾಕು, ನೀನೂ ಹಾಕ್ಕೊ” ಎನ್ನುತ್ತಿದ್ದರು. ಬಯ್ಯುವುದೂ ಇವರೇ, ಮತ್ತೆ ಹಾಕಿಸಿಕೊಳ್ಳುವುದೂ ಇವರೇ, ಇದೆಂಥ ಗಂಡಸಪ್ಪ ಎಂದು ಎಷ್ಟು ಸಲ ಅಂದುಕೊಂಡಿರಲಿಲ್ಲ!

ಅವರು ಪಾತ್ರೆಯ ಮುಚ್ಚಳ ತೆಗೆದರು. ನಡುಮನೆಗೆ ಬಂದು, ಎಲೆಯ ನಟ್ಟನಡುವಿನಿಂದ ಎಲ್ಲರ ಬಗೆಗಳನ್ನೂ ಅತ್ತಿತ್ತ ಸರಿಸಿ, ಮುದ್ದೆ ಇಟ್ಟು ಬಸ್ಸಾರು ಬಿಟ್ಟರು. ತಲೆ ಎತ್ತಿದರೆ ಎದುರಿಗೆ ಫೋಟೋ. ಅಂಗಿಯ ಗುಂಡಿ ಕಿತ್ತು ಹೋಗುವಷ್ಟು ಹೊಟ್ಟೆ ಬಿಟ್ಟುಕೊಂಡು ಚನ್ನಬಸವಯ್ಯ ಕುರ್ಚಿಯ ಮೇಲೆ ಆರಾಮಾಗಿ ಕೂತಿದ್ದರು. ಗಿರಿಜಾಂಬನವರಿಗೆ ನಗು ಬಂತು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಮದ್ವೇಲಿ ಹಂಚಿಕಡ್ಡಿ ಹಂಗೆ ಸಣ್ಣಕಿದ್ರು ಕಣೇ ಮೇಘನಾ ನಿಮ್ಮಪ್ಪ. ಎಲ್ಲೆಲ್ಲಿ ಮೇಯ್ದು ಬೆಳೆಸಿದ್ರಿ ಈ ಹೊಟ್ಟೇನ ಅಂತ ಊರ ಮುಂದೆಲ್ಲ ಆಡ್ಕೊಂಡ್ನಲ್ಲೇ,” ಎಂದರು. “ಅಷ್ಟೂ ನಾನು ಉಣ್ಲಿ ಅಂತ ಉಂಡ ಊಟ ಕಣೇ ಅದು.”