ಹೆಣಕ್ಕೆ ಮಾತ್ರ ದಾರಿ

“ಅಲ್ಲೇ ಇಳಿಸ್ರಲಾ. ಹತ್ರ ತರಬೇಡಿ,” ಎಂದ ಗಾರ್ಡ್ ಚಲುವರಾಜು.

ಕುಳ್ಳಯ್ಯನೂ ಸೇರಿ ನಾಲ್ವರು ಗಂಡಸರು ಬಿದಿರಿನ ಚಟ್ಟವನ್ನು ಕಾಡಿನ ಗೇಟಿನ ಮುಂದೆ ಇಳಿಸಿದರು. ಚಟ್ಟದ ಮೇಲೆ ಕುಳ್ಳಯ್ಯನ ತಾಯಿ ಚಿಕ್ಕಬೀರಮ್ಮ, ತಲೆಯಿಂದ ಕಾಲಿನವರೆಗೆ ಬಟ್ಟೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಕುಳ್ಳಯ್ಯ ಬಿಸಿಲಿಗೆ ಬೆನ್ನು ಕೊಟ್ಟು ತಾಯಿಯ ತಲೆಯ ಹತ್ತಿರ ನಿಂತ. ತನ್ನ ನೆರಳಾದರೂ ಬೀಳಲಿ ಎಂದು.

ಗೇಟಿನ ಪಕ್ಕ ಒಂದು ಹೊಂಗೆಮರ ಇತ್ತು. ಅದರಡಿ ಹಿಡಿಯಷ್ಟು ತಂಪಿತ್ತು.

“ಒಸಿ ಆ ನೆಳ್ಳಲ್ಲಿ ಇಟ್ಕೋತೀವಿ ಬುದ್ಧಿ.”

“ನಾವು ಉಣ್ಣೋ ಜಾಗ ಕಣಯ್ಯ ಅದು. ಜೇನುಕುರುಬರ ಹೆಣ ಇಳಿಸಿ ಮೈಲಿಗೆ ಮಾಡ್ಬೇಕಾ? ಸತ್ತೋರಿಗೆ ಯಾವ ಬಿಸ್ಲು?”

ಇಂಥ ಮಾತು ಕುಳ್ಳಯ್ಯನಿಗೆ ಹೊಸದಲ್ಲ. ಹುಲಿಗೆ ಕಾಡು ಬೇಕೆಂದು ಇವರನ್ನು ಕಾಡೊಳಗಿನ ಹಾಡಿಯಿಂದ ಎಬ್ಬಿಸಿ, ಸರಗೂರಿನಾಚೆಯ ಕಾಲೊನಿಗೆ ತಂದು ಸುರಿದು ಇಪ್ಪತ್ತು ವರ್ಷವಾಗಿತ್ತು. ಅಲ್ಲಿಯ ಹೋಟೆಲಿನಲ್ಲಿ ಇವರಿಗೆ ಟೀ ಕೊಡುತ್ತಿದ್ದುದು ತೆಂಗಿನ ಚಿಪ್ಪಿನಲ್ಲಿ, ಅದೂ ಹೊರಗೆ ನಿಲ್ಲಿಸಿ. ಕಾಡಿಗೆ ಕಾಲಿಟ್ಟರೆ ಕೇಸು. ಹಿಂದಿದ್ದ ದೊಡ್ಡ ಸಾಹೇಬರು ಮಾತ್ರ, ಪುಣ್ಯಾತ್ಮ, ಒಂದು ವಿನಾಯಿತಿ ಕೊಟ್ಟು ಹೋಗಿದ್ದರು. ಸತ್ತವರನ್ನು ಹಳೆಯ ಹಾಡಿಯಲ್ಲಿ, ಹಿರಿಯರ ಮಗ್ಗುಲಲ್ಲಿ ಮಣ್ಣು ಮಾಡಬಹುದು. ಬದುಕಿದ್ದವರಿಗೆ ಬೀಗ, ಹೆಣಕ್ಕೆ ದಾರಿ. ಎಂಥ ನ್ಯಾಯವೋ ಶಿವನೇ ಬಲ್ಲ.

ಚಲುವರಾಜು ರಿಜಿಸ್ಟರು ತಿರುವಿದ. “ಸಂಕ್ರಾಂತಿಯಿಂದೀಚೆಗೆ ಇದು ಆರನೇದು. ಹುಚ್ಚಯ್ಯ ಹೋದ, ಪುಟ್ಟಮಲ್ಲಮ್ಮ ಹೋದ್ಲು. ಅದೇನ್ಲಾ ಕಾಯ್ಲೆ ನಿಮ್ಗೆ?”

“ಕಾಡಿನ ಚಿಂತೇಲೇ ಓಗ್ಬುಡ್ತಾರೆ ಬುದ್ಧಿ.”

“ಹೊಸ ರೇಂಜರ್ ಸಾಹೇಬ್ರನ್ನ ಕೇಳ್ಬೇಕು. ಕಾಯಿರಿ.”

ವೈರ್‌ಲೆಸ್ ಗೊರಗೊರ ಎಂದು ಸುಮ್ಮನಾಯಿತು. ಸಾಹೇಬರು ಊಟಕ್ಕೆ ಹೋಗಿದ್ದರಂತೆ. ಚಲುವರಾಜುವೂ ಬುತ್ತಿ ಬಿಚ್ಚಿಕೊಂಡು ಹೊಂಗೆಮರದಡಿ ಕೂತ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಕುಳ್ಳಯ್ಯ ಬಾಟಲಿಯಲ್ಲಿದ್ದ ನೀರನ್ನು ತಾಯಿಯ ಮುಖದ ಬಟ್ಟೆಗೆ ಚಿಮುಕಿಸಿದ.

“ಏನ್ಲಾ ಅದು?”

“ನಮ್ ಶಾಸ್ತ್ರ ಬುದ್ಧಿ.”

ಮತ್ತೂ ಅರ್ಧ ಗಂಟೆ. ಕುಳ್ಳಯ್ಯನಿಗೆ ತಡೆಯಲಾಗಲಿಲ್ಲ. ಸುಡುವ ಮಣ್ಣಿನ ಮೇಲೆ ಉದ್ದಕ್ಕೆ ಅಡ್ಡಬಿದ್ದ.

“ದಮ್ಮಯ್ಯ ಬುದ್ಧಿ, ಬುಟ್ಬುಡಿ. ಈ ಬಿಸ್ಲಲ್ಲಿ ಇಟ್ಕೊಳಕ್ಕಾಗಕ್ಕಿಲ್ಲ.”

ಚಲುವರಾಜು ಕೈ ತೊಳೆದು, ದೊಣ್ಣೆ ಹಿಡಿದು ಎದ್ದು ಬಂದ. ದೊಣ್ಣೆಯ ತುದಿ ಬಟ್ಟೆಯ ಅಂಚಿನ ತನಕ ಹೋಯಿತು. ಕುಳ್ಳಯ್ಯ ಬಿದ್ದಲ್ಲಿಂದಲೇ ತಲೆಯೆತ್ತಿದ. ದೊಣ್ಣೆಯುದ್ದದ ದೂರದಲ್ಲೇ ನಿಂತ ಗಾರ್ಡು ಮೂಗು ಮುಚ್ಚಿಕೊಂಡು ದೊಣ್ಣೆ ಹಿಂದಕ್ಕೆಳೆದ. ಅವನು ಮುಟ್ಟುವವನಲ್ಲ ಎಂಬುದು ಕುಳ್ಳಯ್ಯನಿಗೆ ಗೊತ್ತಿತ್ತು. ಇಪ್ಪತ್ತು ವರ್ಷದಲ್ಲಿ ಆ ಜನ ಯಾರೂ ಇವರನ್ನು ಮುಟ್ಟಿರಲಿಲ್ಲ.

ಕೊನೆಗೆ ವೈರ್‌ಲೆಸ್ ಮಾತಾಡಿತು. ಗೇಟು ಕಿರುಗುಟ್ಟುತ್ತಾ ತೆರೆಯಿತು.

“ನಾಕು ಜನ ಹೋಗ್ತಿದ್ದೀರಿ. ಐದು ಗಂಟೆಗೆ ನಾಕು ಜನಾನೂ ಈಚೆ ಬಂದಿರ್ಬೇಕು.”

ಚಟ್ಟ ಹೊತ್ತವರು ಓಡುವುದುಂಟೆ? ಇವರು ಓಡಿದರು. ಗೇಟು ಮರೆಯಾದ ಮೊದಲ ತಿರುವಿನಲ್ಲೇ, ಬಿದಿರುಮೆಳೆಯ ಪಕ್ಕ, ಚಟ್ಟ ಇಳಿಸಿದರು. ಕುಳ್ಳಯ್ಯ ಬಟ್ಟೆ ಕಿತ್ತೆಸೆದ.

“ಅವ್ವಾ, ದಾಟ್ಬುಟ್ಟೊ. ಏಳವ್ವ.”

ಮೆಳೆಯ ಹಿಂದಿನಿಂದ, ಸಂಕ್ರಾಂತಿಯಿಂದೀಚೆಗೆ ರಿಜಿಸ್ಟರಿನಲ್ಲಿ ಸತ್ತಿದ್ದ ಐವರೂ ಒಬ್ಬೊಬ್ಬರಾಗಿ ಎದ್ದು ಬಂದರು. ಪುಟ್ಟಮಲ್ಲಮ್ಮನ ಕೈಯಲ್ಲಿ ಸೋರೆಬುರುಡೆಯ ತುಂಬ ಹೊಳೆಯ ನೀರಿತ್ತು. ಹುಚ್ಚಯ್ಯ ನಗುತ್ತಾ ಬಗ್ಗಿ, ಎಬ್ಬಿಸಲೆಂದು ಕೈ ನೀಡಿದ.

ಚಿಕ್ಕಬೀರಮ್ಮ ಮಾತ್ರ ಏಳಲಿಲ್ಲ.